ರೊಟ್ಟಿಯ ಸೀಮೆ, ಅನ್ನದ ಸೀಮೆ

ಉಷ್ಣವಲಯದ ರಜೆ ಎಂದ ಕೂಡಲೇ ನಮ್ಮವರ ಕಣ್ಣ ಮುಂದೆ ಬಾಲಿ, ಫುಕೆಟ್, ಮಾಲ್ಡೀವ್ಸ್ ಬಂದು ನಿಲ್ಲುತ್ತವೆ. ನೀಲಿ ನೀರು, ತೆಂಗಿನ ನೆರಳು, ಮರಳಿನ ಮೇಲೆ ಇಬ್ಬರಿಗೆಂದೇ ಹಾಕಿದ ಮೇಜು. ಆದರೆ ಭೂಪಟ ಬಿಡಿಸಿ ಅಕ್ಷಾಂಶದ ಗೆರೆ ಹಿಡಿದು ಬೆರಳಾಡಿಸಿದರೆ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ 14ರಿಂದ 15 ಡಿಗ್ರಿಯ ನಡುವೆ ಸಿಗುತ್ತವೆ. ಪೂರ್ವಕ್ಕೆ ಹೋದರೆ ಇದೇ ಪಟ್ಟಿಯಲ್ಲಿ ಫಿಲಿಪೈನ್ಸಿನ ಮನಿಲಾ, ಪಶ್ಚಿಮಕ್ಕೆ ಹೋದರೆ ಆಫ್ರಿಕಾದ ಅಂಚಿನಲ್ಲಿ ಸೆನೆಗಲ್ ದೇಶದ ಡಾಕರ್. ಅದೇ ಸೂರ್ಯ, ಅದೇ ನೆತ್ತಿಬಿಸಿಲು. ನಮ್ಮಲ್ಲಿ ಸಮುದ್ರ ಮಾತ್ರ ಇಲ್ಲ.

ಸಿಡ್ನಿಯಲ್ಲಿರುವ ಅಣ್ಣ-ಅತ್ತಿಗೆಗೆ ಮದುವೆಯ ಬೆಳ್ಳಿಹಬ್ಬ. ಪ್ರತಿ ಸಲ ಯಾವುದಾದರೂ ದ್ವೀಪಕ್ಕೆ ಹೋಗುತ್ತಿದ್ದವರು ಈ ಬಾರಿ ಅಜ್ಜಿಯ ತವರಿನ ಕಡೆ ಬರುತ್ತೇವೆ ಎಂದರು. ಅಜ್ಜಿ ಹಿರೇಕೆರೂರು ಸೀಮೆಯವಳು. ಅಲ್ಲಿ ಈಗ ನಮ್ಮವರೆನ್ನುವವರ ಮನೆ ಒಂದೂ ಉಳಿದಿಲ್ಲ. ಹಾಗಾಗಿ ಬೆಳ್ಳಿಹಬ್ಬದ ರಾತ್ರಿಯ ಊಟ ಹೋಟೆಲಿನಲ್ಲೇ ಆಗಬೇಕು. ಎಲ್ಲಿ ಎಂಬುದನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂತು. ನಮ್ಮ ಮನೆಯವರು ಸಸ್ಯಾಹಾರಿಗಳು, ಅತ್ತಿಗೆ ಮಾಂಸಾಹಾರಿ ಮನೆಯಿಂದ ಬಂದವರು, ಮಕ್ಕಳಿಗೆ ಖಾರ ಅಷ್ಟಕ್ಕಷ್ಟೇ, ಅವ್ವನಿಗೆ ಹಲ್ಲಿಲ್ಲ. ಇಷ್ಟೂ ಜನ ಒಂದೇ ಸಾಲಿನಲ್ಲಿ ಕೂತು ಒಂದೇ ಊಟ ಉಣ್ಣಬೇಕು ಎನ್ನುವುದೊಂದೇ ಅಣ್ಣನ ಆಸೆ.

ಎಳ್ಳಮಾಸೆ ಕಳೆದಿತ್ತು. ಹುಬ್ಬಳ್ಳಿಯಿಂದ ಇಳಿದು ಬರುವ ರಾಷ್ಟ್ರೀಯ ಹೆದ್ದಾರಿ 48 ಶಿಗ್ಗಾಂವಿಯ ಮಗ್ಗುಲಲ್ಲೇ ಹಾಯುತ್ತದೆ. ರಾತ್ರಿಯೂಟಕ್ಕೆ ಹೆಚ್ಚು ಆಯ್ಕೆ ಇರುವುದೂ ಈ ಹೆದ್ದಾರಿಯ ಮೇಲೆಯೇ. ಬಣ್ಣದ ದೀಪದ ಸರ, ಗಾಡಿ ನಿಲ್ಲಿಸಲು ವಿಶಾಲ ಜಾಗ, ಪರದೆ ಎಳೆದ ಫ್ಯಾಮಿಲಿ ರೂಮು, ಕೈತುಂಬ ಭಾರದ ಮೆನು ಕಾರ್ಡು. ಅಂಥ ಒಂದರಲ್ಲಿ ಕುಳಿತು ಕಾರ್ಡು ತಿರುವಿದೆವು. ಪನೀರಿನ ಹಲವು ಅವತಾರಗಳು, ಗೋಬಿ ಮಂಚೂರಿ, ತಂದೂರಿ ರೋಟಿ. ಇದೇ ಕಾರ್ಡನ್ನು ಪುಣೆಯ ಹತ್ತಿರವೂ ತುಮಕೂರಿನ ಹತ್ತಿರವೂ ನೋಡಿದ್ದೇನೆ. ಊಟ ಕೆಟ್ಟದಿರಲಿಲ್ಲ. ಹಸಿದು ಬಂದ ಲಾರಿ ಡ್ರೈವರನಿಗೂ ಮದುವೆಗೆ ಹೊರಟ ಮಂದಿಗೂ ನಡುರಾತ್ರಿಯಲ್ಲಿ ಬಿಸಿ ಅನ್ನ ಹಾಕುವ ಆ ಜಾಗಗಳ ಬಗ್ಗೆ ನನಗೆ ಗೌರವವಿದೆ. ಆದರೆ ಸಿಡ್ನಿಯಿಂದ ಇಷ್ಟು ದೂರ ಬಂದವರಿಗೆ ಈ ನೆಲದ ಒಂದು ತುತ್ತೂ ಆ ಕಾರ್ಡಿನಲ್ಲಿ ಇರಲಿಲ್ಲ.

ಅಲ್ಲಿಂದ ಸ್ವಲ್ಪವೇ ದೂರದ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಮರೆಯಾಗುತ್ತಿರುವ ಹಳ್ಳಿಯ ಬದುಕನ್ನು ಅವರು ಆಳೆತ್ತರದ ಸಿಮೆಂಟ್ ಶಿಲ್ಪಗಳಲ್ಲಿ ಹಿಡಿದು ನಿಲ್ಲಿಸಿದ್ದಾರೆ. ಪಕ್ಕದಲ್ಲೇ ಜಾನಪದ ವಿಶ್ವವಿದ್ಯಾಲಯ. ಮಕ್ಕಳು ಎತ್ತು, ಕಣ, ಮಂದಿ ಎಲ್ಲವನ್ನೂ ಮುಟ್ಟಿ ನೋಡಿದರು. ಅತ್ತಿಗೆ ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು: “ಇವರೆಲ್ಲ ಏನು ಉಣ್ಣತಿದ್ರು?”

ಆ ಪ್ರಶ್ನೆಗೆ ಶಿಗ್ಗಾಂವಿ ತಾಲೂಕಿನಲ್ಲೇ ಹುಟ್ಟಿದ ಒಬ್ಬರು ಹದಿನಾರನೆಯ ಶತಮಾನದಲ್ಲೇ ಕಾವ್ಯ ಬರೆದಿಟ್ಟಿದ್ದಾರೆ. ಕನಕದಾಸರ ಹುಟ್ಟೂರು ಬಾಡ ಇಲ್ಲಿಯೇ ಇದೆ. ಈಗ ಅಲ್ಲಿ ಅವರ ನೆನಪಿಗೆ ಅರಮನೆಯನ್ನು ಕಟ್ಟಿದ್ದಾರೆ. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಜಗಳ ಹುಟ್ಟುವುದೇ ಒಂದು ವಿಶೇಷ ಊಟದಿಂದ. ಲಂಕೆ ಗೆದ್ದು ಬರುವ ರಾಮನಿಗೆ ಮುನಿಗಳ ಆಶ್ರಮದಲ್ಲಿ ಸತ್ಕಾರ. ಬಗೆಬಗೆಯ ಧಾನ್ಯಗಳಲ್ಲಿ ಯಾವುದು ಹೆಚ್ಚು ಎಂಬ ಮಾತು ಹೊರಡುತ್ತದೆ. ಅಕ್ಕಿ ಮತ್ತು ನರೆದಲೆಗ, ಅಂದರೆ ರಾಗಿ, ಸಭೆಯಲ್ಲೇ ಜಗಳಕ್ಕೆ ನಿಲ್ಲುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಸೆರೆ ಬಿಡಿಸುವಾಗ ಅಕ್ಕಿ ಕೆಟ್ಟಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ಬಡವರ ಕಾಳಿಗೆ ಸಭೆಯ ನಡುವೆ ಗೆಲುವು ಕೊಡಿಸಿದ ಆ ಕಥೆಯನ್ನು ನಾನು ಶಾಲೆಯಲ್ಲಿ ಓದಿದ್ದೆ. ಬಾಡದ ದಾರಿಯಲ್ಲಿ ಕಾರಿನೊಳಗೆ ಮಕ್ಕಳಿಗೆ ಹೇಳುವಾಗ ಮಾತ್ರ ಹೊಳೆಯಿತು: ಯಾವ ಧಾನ್ಯ ಎಂಬ ವಾದ ಈ ನಾಲ್ಕು ತಾಲೂಕುಗಳ ನೆಲದಲ್ಲೇ ಇದೆ.

ಏಕೆಂದರೆ ಇಲ್ಲಿ ಮಳೆ ಪಡುವಣದಿಂದ ಮೂಡಣಕ್ಕೆ ಕಡಿಮೆಯಾಗುತ್ತ ಹೋಗುತ್ತದೆ. ಹಾನಗಲ್ ಮಲೆನಾಡಿನ ಸೆರಗು. ಕೆರೆ, ಗದ್ದೆ, ಮಾವಿನ ತೋಪು, ಅಡಿಕೆ. ಸವಣೂರಿನತ್ತ ಹೊರಳಿದರೆ ಕಪ್ಪು ಎರೆಭೂಮಿ, ತೆರೆದ ಬಯಲು, ಜೋಳ ಮತ್ತು ಹತ್ತಿ. ಒಂದೂವರೆ ಗಂಟೆಯ ದಾರಿಯಲ್ಲಿ ತಟ್ಟೆಯ ನಡುವಿನ ಧಾನ್ಯ ಬದಲಾಗುತ್ತದೆ. ಹೋಟೆಲು ಆರಿಸುವ ಮೊದಲು ಈ ಗೆರೆಯ ಯಾವ ಕಡೆ ಕೂಡಬೇಕು ಎಂದು ತೀರ್ಮಾನಿಸಬೇಕು.

ಮೊದಲು ಮೂಡಣಕ್ಕೆ ಹೋದೆವು. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ನಿಂತಿರುವ ಮರಗಳನ್ನು ನೋಡದೆ ಯಾರೂ ಆ ಊರು ದಾಟಬಾರದು. ಇವು ಆಫ್ರಿಕಾದ ಬಾವೊಬಾಬ್. ಹತ್ತು ಮಂದಿ ಕೈ ಕೈ ಹಿಡಿದರೂ ಬಳಸಲು ಕಷ್ಟವಾದ ಬೊಡ್ಡೆ. ಚಳಿಗಾಲಕ್ಕೆ ಎಲೆ ಉದುರಿಸಿ ಬೂದು ಬಣ್ಣದ ರೆಂಬೆಗಳನ್ನು ಆಕಾಶಕ್ಕೆ ಹರಡಿದ್ದವು. ಇದ್ದ ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತು. ಊರವರು, ಮಠದವರು, ಅಧಿಕಾರಿಗಳು ಅದನ್ನು ಸೌದೆ ಮಾಡಲು ಬಿಡಲಿಲ್ಲ, ಮತ್ತೆ ನೆಟ್ಟು ನಿಲ್ಲಿಸಿದರು. ಬಿದ್ದ ಮುದುಕನನ್ನು ಎತ್ತಿ ಕೂಡಿಸಿದ ಹಾಗೆ ಮರವೊಂದನ್ನು ಎತ್ತಿದ ಊರು ಅದು ಎಂದು ಸವಣೂರಿನ ಮೇಲೆ ನನಗೆ ಹೆಚ್ಚು ಪ್ರೀತಿ.

ಈ ಮರಕ್ಕೆ ವಿಜ್ಞಾನ ಕೊಟ್ಟ ಅಡನ್ಸೋನಿಯ ಎಂಬ ಹೆಸರು ಮಿಶೆಲ್ ಅಡನ್ಸನ್ ಎಂಬ ಫ್ರೆಂಚ್ ಸಸ್ಯಜ್ಞನದು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಆತ ಇವುಗಳನ್ನು ಕಂಡು ಅಭ್ಯಾಸ ಮಾಡಿದ್ದು ಸೆನೆಗಲ್‌ನಲ್ಲಿ, ನಾನು ಆಗಲೇ ಹೇಳಿದ ಡಾಕರಿನ ನಾಡಿನಲ್ಲಿ. ಅಲ್ಲಿಯವರು ಇದರ ಹಣ್ಣಿನ ಹುಳಿ ತಿರುಳನ್ನು ನೀರಿನಲ್ಲಿ ಕಿವುಚಿ, ಸಕ್ಕರೆ ಹಾಕಿ ಪಾನಕ ಮಾಡಿ ಕುಡಿಯುತ್ತಾರೆ. ಒಂದೇ ಅಕ್ಷಾಂಶದ ಎರಡು ತುದಿಗಳಲ್ಲಿ ಒಂದೇ ಮರ. ಅಲ್ಲಿ ಅದು ಊಟದ ಮರ, ಇಲ್ಲಿ ಪೂಜೆಯ ಮರ.

ಸವಣೂರು ಮಿಯಾನಾ ನವಾಬರ ರಾಜಧಾನಿಯಾಗಿತ್ತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿತು. ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಸತ್ಯಬೋಧ ಸ್ವಾಮಿಗಳ ವೃಂದಾವನವೂ ಇಲ್ಲಿದೆ. ಇಂಥ ಊರಿನಲ್ಲಿ ಅಡುಗೆ ಒಂದೇ ಬಗೆಯದಾಗಿರಲು ಸಾಧ್ಯವೇ ಇಲ್ಲ. ಪೇಟೆಯ ಒಂದು ಬಿರಿಯಾನಿ ಹೋಟೆಲಿನ ಮುಂದೆ ಅತ್ತಿಗೆ ನಿಂತುಬಿಟ್ಟರು. ಗಲ್ಲೆಯ ಮೇಲಿದ್ದ ಹಿರಿಯರು ನೇರವಾಗಿ ಹೇಳಿದರು: “ರಾತ್ರಿಗೆ ಬ್ಯಾಡ್ರಿ ಅಮ್ಮಾ. ಮಧ್ಯಾಹ್ನ ಇಳಿಸಿದ ಡೇಗ್ಚಿ ಮೂರ ಗಂಟೆಕ್ಕ ಖಾಲಿ ಆಗ್ತೈತಿ. ನಮ್ಮೂರ ಅಡಿಗಿ ಖರೇ ರುಚಿ ನೋಡಬೇಕಂದ್ರ ಮದ್ವಿಗೆ ಬರಬೇಕು.” ಅತ್ತಿಗೆ ಮರುದಿನ ಮಧ್ಯಾಹ್ನ ಅಲ್ಲಿಗೇ ಬಂದು ಉಂಡರು. ಹೊತ್ತಿಗೆ ಸರಿಯಾಗಿ ಹೋಗಬೇಕು ಎಂಬ ಆ ಹಿರಿಯರ ಮಾತು ಈ ಸೀಮೆಯ ಎಲ್ಲ ಊಟಕ್ಕೂ ಸಲ್ಲುತ್ತದೆ. ಇಲ್ಲಿನ ಒಳ್ಳೆಯ ಅಡುಗೆ ಬಹುಮಟ್ಟಿಗೆ ಮಧ್ಯಾಹ್ನದ್ದು. ಸಂತೆಗೆ ಬಂದವರು, ಕಚೇರಿ ಕೆಲಸಕ್ಕೆ ಬಂದವರು, ಕಾಲೇಜಿನ ಹುಡುಗರು ಉಂಡು ಎದ್ದ ಮೇಲೆ ಒಲೆ ತಣ್ಣಗಾಗುತ್ತದೆ. ರಾತ್ರಿಯ ಊಟವೇ ದೊಡ್ಡ ಊಟ ಎನ್ನುವುದು ಬೇರೆ ನಾಡಿನ ರೂಢಿ.

ಸವಣೂರಿನಿಂದ ಎರಡು ವಸ್ತು ಕಟ್ಟಿಸಿಕೊಂಡೆವು. ಒಂದು, ಊರಿನ ಹೆಸರನ್ನೇ ಹೊತ್ತ ಸವಣೂರ ಖಾರ. ಮಂಡಕ್ಕಿಗೆ ಬೆರೆಸಿ, ಮೇಲೆ ಹಸಿ ಉಳ್ಳಾಗಡ್ಡಿ ಉದುರಿಸಿ, ಚಹಾದ ಜೊತೆ ತಿನ್ನಬೇಕು. ಇನ್ನೊಂದು ಇಲ್ಲಿಯ ವೀಳ್ಯದೆಲೆ. ಎಳೆಯದು, ತೆಳ್ಳಗಿನದು, ನಾಲಿಗೆಗೆ ಹಿತವಾದ ಖಾರದ್ದು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಳೆಯ ಹೊದಿಕೆಯಲ್ಲಿಟ್ಟು ಕೊಟ್ಟ ಅಂಗಡಿಯಾತ “ನಾಲ್ಕ ದಿನ ಏನೂ ಆಗಂಗಿಲ್ರಿ” ಎಂದ. ಊಟ ಎಲ್ಲೇ ಆಗಲಿ, ಕೊನೆಯ ಎಲೆ ಸವಣೂರಿನದು ಎಂದು ಅಲ್ಲಿಗೆ ಗಟ್ಟಿಯಾಯಿತು.

ಅಲ್ಲಿಂದ ಹಾನಗಲ್ಲಿನತ್ತ ಹೊರಟು, ಬಂಕಾಪುರದ ಕೋಟೆಯೊಳಗೆ ಸಂಜೆ ನವಿಲು ನೋಡಿದೆವು. 2006ರಿಂದ ಅದು ನವಿಲುಧಾಮ. ಅರವತ್ತು ಕಂಬದ ನಗರೇಶ್ವರ ಗುಡಿಯಲ್ಲಿ ತಿರುಗಣೆ ಹಿಡಿದ ಕಂಬಗಳು ಇಳಿಬಿಸಿಲಿಗೆ ಮಿರುಗುತ್ತಿದ್ದವು. ರನ್ನನ ಗುರು ಅಜಿತಸೇನರು ಇದ್ದ ಊರು ಇದು. ಗಂಗರ ಅರಸ ಮಾರಸಿಂಹನು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು, ಅನ್ನ ನೀರು ಬಿಟ್ಟು, ಹತ್ತನೆಯ ಶತಮಾನದಲ್ಲಿ ದೇಹ ತೊರೆದದ್ದೂ ಇಲ್ಲಿಯೇ. ಊಟ ಹುಡುಕುತ್ತ ಬಂದ ನಾವು ಊಟ ಬಿಟ್ಟ ಅರಸನ ನೆಲದಲ್ಲಿ ಹೆಚ್ಚು ಮಾತಾಡದೆ ತಿರುಗಾಡಿದೆವು.

ಹಾನಗಲ್ಲಿಗೆ ಬಂದಾಗ ಗಾಳಿಯೇ ಬೇರೆಯಾಗಿತ್ತು. ಕೊಯ್ಲು ಮುಗಿದ ಗದ್ದೆ, ಹುಲ್ಲಿನ ಬಣವೆ, ಧರ್ಮಾ ನದಿಯ ತಂಪು. ಇದೇ ವಿರಾಟನಗರ ಎನ್ನುವುದು ಊರವರ ನಂಬಿಕೆ. ಆ ಕಥೆಯ ಜೊತೆ ತಳಕು ಹಾಕಿಕೊಂಡ ದಿಬ್ಬವೂ ಇದೆ. ಪಾಂಡವರು ವೇಷ ಮರೆಸಿಕೊಂಡು ಕಳೆದ ವರ್ಷದಲ್ಲಿ ಭೀಮ ವಿರಾಟನ ಅಡುಗೆಮನೆಯಲ್ಲಿ ವಲಲನಾಗಿದ್ದನಲ್ಲ, ಆ ಅಡುಗೆಮನೆಯ ಊರು ಇದು ಎಂದಾಗ ಮಕ್ಕಳ ಕಣ್ಣು ಅರಳಿತು. ಬಾಣಸಿಗನ ಬಟ್ಟೆಯಲ್ಲಿ ಒಂದು ವರ್ಷ ಅಡಗಿ ಕುಳಿತ ಜಗಜಟ್ಟಿ! ಅಡುಗೆ ಮಾಡುವವನನ್ನು ಯಾರೂ ತಿರುಗಿ ನೋಡುವುದಿಲ್ಲ ಎಂಬುದು ಆಗಲೂ ನಿಜವಿತ್ತು, ಈಗಲೂ ನಿಜ.

ತಾರಕೇಶ್ವರ ಗುಡಿಯ ಮಂಟಪದಲ್ಲಿ ತಲೆ ಎತ್ತಿದರೆ ಚಾಲುಕ್ಯ ಶಿಲ್ಪಿಗಳು ಕಡೆದ ದೊಡ್ಡ ಕಮಲ ಕಾಣುತ್ತದೆ. ಎಂಟು ಮೂಲೆಯ ಛತ್ತು ಸುತ್ತುಸುತ್ತಾಗಿ ಮೇಲೇರಿ, ನಡುವಿನಿಂದ ಕಲ್ಲಿನ ಮೊಗ್ಗು ಕೆಳಕ್ಕೆ ಇಳಿಬಿದ್ದಿದೆ. ಅದನ್ನು ಕುಳಿತು ನೋಡಬಾರದು, ನೆಲದ ಮೇಲೆ ಅಂಗಾತ ಮಲಗಿ ನೋಡಬೇಕು. ಅಣ್ಣ ಹಾಗೆಯೇ ಮಲಗಿ ಬಹಳ ಹೊತ್ತು ಏಳಲಿಲ್ಲ. ಪ್ರಪಂಚದ ಎಷ್ಟೋ ಊಟದ ಕೋಣೆಗಳ ಛಾವಣಿ ನೋಡಿದವನು ಅವನು.

ಹಾನಗಲ್ಲಿನ ಒಂದು ಖಾನಾವಳಿಯಲ್ಲಿ ಮಧ್ಯಾಹ್ನ ಉಂಡೆವು. ಅನ್ನ ಉದುರುದುರಾಗಿತ್ತು, ಕಟ್ಟಿನ ಸಾರಿನ ಮೇಲೆ ಬೆಳ್ಳುಳ್ಳಿ ಒಗ್ಗರಣೆಯ ಎಣ್ಣೆ ಕೆಂಪಗೆ ತೇಲುತ್ತಿತ್ತು. ಹೊಸ ಅಕ್ಕಿಯೇ ಎಂದು ಕೇಳಿದ್ದಕ್ಕೆ ಬಡಿಸುವವರು ನಕ್ಕರು. “ಹೊಸಾ ಅಕ್ಕಿ ಅನ್ನ ಮುದ್ದಿ ಆಗತೈತ್ರಿ. ಇದು ಹೋದ ವರ್ಷದ್ದು.” ಗದ್ದೆಯ ನಡುವೆ ಕುಳಿತೂ ಈ ವರ್ಷದ ಅಕ್ಕಿಯನ್ನು ಮುಂದಿನ ವರ್ಷಕ್ಕೆಂದು ಕಾಯ್ದಿಡುವ ತಾಳ್ಮೆ ನನಗೆ ಬಹಳ ಹಿಡಿಸಿತು. ಅವ್ವ ಇಲ್ಲೇ ಆಗಲಿ ಎಂದಳು. ನನಗೂ ಹಾಗೆಯೇ ಅನಿಸಿತ್ತು. ಆದರೆ ರಾತ್ರಿ ಏಳಕ್ಕೆ ಅವರು ಬಾಗಿಲು ಹಾಕುತ್ತಾರೆ. ನಮಗಾಗಿ ತೆರೆದಿಡಿ ಎಂದು ಒತ್ತಾಯಿಸುವುದು ಸರಿಯಲ್ಲ. ಬೆಳಗಿನ ನಾಲ್ಕಕ್ಕೆ ಎದ್ದವರು ಅವರು.

ಹಿರೇಕೆರೂರಿನ ದಾರಿಯಲ್ಲಿ ಎರಡೂ ಕಡೆ ಗೋವಿನಜೋಳ ಮುರಿದ ದಂಟು ಒಣಗಿ ನಿಂತಿತ್ತು. ಇವತ್ತು ಈ ಜಿಲ್ಲೆಯಲ್ಲಿ ಕಣ್ಣಿಗೆ ಹೆಚ್ಚು ಬೀಳುವ ಬೆಳೆ ಅದೇ. ಅದು ಕೋಳಿಯ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ರೈತನ ಕೈಗೆ ರೊಕ್ಕ ಕೊಡುತ್ತದೆ, ತಟ್ಟೆಗೆ ಬರುವುದಿಲ್ಲ. ಹೊಲದ ಬೆಳೆಗೂ ಊಟದ ತಟ್ಟೆಗೂ ಹೀಗೆ ನಂಟು ಹರಿಯುತ್ತಿರುವುದು ಈ ಪ್ರವಾಸದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ.

ಸರ್ವಜ್ಞನ ಹುಟ್ಟಿನ ಕಥೆ ಸುತ್ತುವುದು ಈ ಸೀಮೆಯ ಅಬ್ಬಲೂರು, ಮಾಸೂರುಗಳ ಸುತ್ತ. ಊರೂರು ತಿರುಗಿ ಭಿಕ್ಷೆಯ ಅನ್ನ ಉಂಡ ಆತನ ಹೆಸರಿನಲ್ಲಿ ಅಕ್ಕಿ, ಜೋಳ, ರಾಗಿ ತಿನ್ನುವವರ ಮೈಕಸುವಿನ ಬಗ್ಗೆ ತ್ರಿಪದಿಗಳಿವೆ. ಯಾವ ಮನೆಯಲ್ಲಿ ಏನು ಬಡಿಸುತ್ತಾರೆ ಎಂದು ಅವನಷ್ಟು ಬಲ್ಲವರು ಯಾರು? ಅಬ್ಬಲೂರಿನ ಸೋಮೇಶ್ವರ ಗುಡಿಯಲ್ಲಿ ಶಿವಶರಣ ಏಕಾಂತದ ರಾಮಯ್ಯನ ಕಥೆಯ ಶಿಲ್ಪಗಳನ್ನು ನೋಡಿಕೊಂಡು ಹಿರೇಕೆರೂರಿಗೆ ಬಂದಾಗ ಮಧ್ಯಾಹ್ನ ಇಳಿದಿತ್ತು.

ಪೇಟೆಯ ಒಳಓಣಿಯಲ್ಲಿ ಒಂದು ಖಾನಾವಳಿ. ಬೋರ್ಡಿನ ಬಣ್ಣ ಹಾರಿದೆ. ಒಳಗೆ ಮೂರು ಉದ್ದನೆಯ ಮೇಜು, ಹಿಂದೆ ಒಲೆಯ ಮುಂದೆ ಇಬ್ಬರು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿದ್ದರು. ಕೈಯ ಬಡಿತ ಓಣಿಗೇ ಕೇಳುತ್ತಿತ್ತು. ನಾಳೆ ರಾತ್ರಿ ಅಣ್ಣನ ಮದುವೆಯ ಬೆಳ್ಳಿಹಬ್ಬದ ಊಟ ಆಗಬೇಕು ಎಂದೆ. ನಡೆಸುವ ಅಕ್ಕಾವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಕೇಳತೊಡಗಿದರು. “ಎಷ್ಟ ಮಂದಿ ಅದೀರಿ? ವಯಸ್ಸಾದವ್ರು ಅದಾರೇನ್ರಿ? ಹಂಗಾರ ಅವರಿಗೆ ಬಿಸಿ ಮೆತ್ತನ ರೊಟ್ಟಿ, ನಿಮಗ ಕಡಕ್. ಹುಡುಗ್ರು ಖಾರ ತಿಂತಾವೋ ಇಲ್ಲೋ? ಸಿಹಿ ಏನ ಮಾಡ್ಲಿ, ಹೋಳಿಗಿಯೋ ಗೋದಿ ಹುಗ್ಗಿಯೋ? ಹೋಳಿಗಿ ಆದ್ರ ಈಗ ಹೇಳ್ರಿ, ಬ್ಯಾಳಿ ತರಸಬೇಕು. ಎಷ್ಟಕ್ಕ ಕೂಡ್ತೀರಿ? ಏಳಕ್ಕ ಅಂದು ಒಂಬತ್ತಕ್ಕ ಬರಬ್ಯಾಡ್ರಿ, ರೊಟ್ಟಿ ಆರತಾವು.”

ನಾನು ಅಲ್ಲಿಯವರೆಗೆ ಹೋದ ಕಡೆಯಲ್ಲೆಲ್ಲ ನಾನೇ ಕೇಳುತ್ತಿದ್ದೆ: ಏನಿದೆ, ಎಷ್ಟು, ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ. ನಮ್ಮನ್ನು ಕೇಳಿದವರು ಇವರೊಬ್ಬರೇ. ಅಷ್ಟು ಸಾಕಾಯಿತು. ಕೋಣೆ ಹೇಗಿದೆ, ಬೆಳಕು ಹೇಗಿದೆ, ಕುರ್ಚಿಗೆ ಕೈ ಇದೆಯೇ ಎಂದು ನೋಡುವ ಮನಸ್ಸಾಗಲಿಲ್ಲ. ಗುರುತಿಲ್ಲದ ಊರಿನಲ್ಲಿ ವಿಶೇಷ ಊಟಕ್ಕೆ ಜಾಗ ಹುಡುಕುವವರಿಗೆ ನಾನು ಹೇಳಬಹುದಾದ ಮಾತು ಇದೊಂದೇ: ಉಣ್ಣುವವರು ಯಾರು ಎಂದು ವಿಚಾರಿಸುವ ಅಡುಗೆಯವರು ಸಿಕ್ಕರೆ ಮುಂದಕ್ಕೆ ಹೋಗಬೇಡಿ.

ಮರುದಿನ ಸಂಜೆ ದೊಡ್ಡ ಕೆರೆಯ ದಂಡೆಯ ದುರ್ಗಾದೇವಿ ಗುಡಿಗೆ ಕೈಮುಗಿದು ಹೇಳಿದ ಹೊತ್ತಿಗೆ ಹೋದೆವು. ಬಾಳೆ ಎಲೆ ಹಾಸಿದ್ದರು. ಎಲೆಯ ತುದಿಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ. ಅದಕ್ಕೆ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಕಣ್ಣನ್ನು ಹೆದರಿಸುವಷ್ಟು ನಾಲಿಗೆಗೆ ಉರಿಯಿಲ್ಲ. ಹಸಿ ಮೆಂತೆ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ. ಬದನೆಕಾಯಿ ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ, ಝುಣಕ. ಇವುಗಳ ಜೊತೆಗೆ ಎರಡು ಬಗೆಯ ರೊಟ್ಟಿ: ಜೋಳದ್ದು ಮತ್ತು ಅಕ್ಕಿಯದು. “ನಮ್ಮ ಕಡೆ ಎರಡೂ ನಡಿತಾವ್ರಿ. ಅತ್ತ ಹಾನಗಲ್ಲ, ಇತ್ತ ಬಯಲು. ಮನಿಯಾಗ ಅತ್ತಿಯಾರು ಅಕ್ಕಿ ಅಂದ್ರ ಸೊಸಿ ಜೋಳ ಅಂತಾಳ,” ಎಂದರು ಅಕ್ಕಾವರು. ಜೋಳ ಎಲ್ಲಿಯದು ಎಂದು ಕೇಳಿದೆ. ವಿಜಯಪುರದ ಕಡೆಯ ಬಿಳಿಜೋಳ. “ಮೊದಲ ನಮ್ಮ ಹೊಲದಾಗ ಬೆಳೀತಿದ್ವಿ. ಈಗ ಗೋವಿನಜೋಳ ಹಾಕೇವಿ,” ಎಂದು ಬಡಿಸುತ್ತಲೇ ಹೇಳಿದರು.

ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಕುದಿವ ನೀರಿನಲ್ಲಿ ಸ್ವಲ್ಪ ಹಿಟ್ಟು ಹದಮಾಡಿ, ನಾದಿ ನಾದಿ ಅದನ್ನು ಒಂದುಗೂಡಿಸಬೇಕು. ಲಟ್ಟಣಿಗೆ ಒತ್ತಿದರೆ ಅಂಚು ಸೀಳುತ್ತದೆ, ಅಂಗೈಯಿಂದಲೇ ಬಡಿದು ತಿರುಗಿಸುತ್ತ ಹರವಬೇಕು. ಹೆಂಚಿನ ಮೇಲೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಿದರೆ ಮಾತ್ರ ಉಬ್ಬುತ್ತದೆ. ಅತ್ತಿಗೆ ಊಟದ ನಡುವೆ ಎದ್ದು ಹೋಗಿ ಒಲೆಯ ಪಕ್ಕ ಕುಳಿತು ನೋಡಿದರು. ಅಕ್ಕಾವರು ಒಂದು ಮುದ್ದೆ ಅವರ ಕೈಗೂ ಕೊಟ್ಟರು. ಅವರು ಬಡಿದ ದಪ್ಪ ರೊಟ್ಟಿಯನ್ನು ಅಣ್ಣ ಬೆಣ್ಣೆ ಹಚ್ಚಿಕೊಂಡು ಪೂರ್ತಿ ತಿಂದ.

ಅವ್ವ ಮೊಸರಿನಲ್ಲಿ ಮೆತ್ತನೆಯ ರೊಟ್ಟಿ ಮುರಿದು ಕಲಸಿಕೊಂಡಳು. ಮಕ್ಕಳು ಹೋಳಿಗೆಗೆ ತುಪ್ಪದ ಮೇಲೆ ತುಪ್ಪ ಕೇಳಿದರು. ಆಮೇಲೆ ಅನ್ನ, ಹೋಳಿಗೆಯ ಕಟ್ಟಿನ ಸಾರು, ಮಜ್ಜಿಗೆ. ಸವಣೂರಿನ ಎಲೆ ಬಿಚ್ಚಿ ಎಲ್ಲರಿಗೂ ಹಂಚಿದೆವು, ಒಲೆಯ ಮುಂದಿನ ಇಬ್ಬರಿಗೂ. ಅಣ್ಣ-ಅತ್ತಿಗೆ ಅಕ್ಕಾವರ ಕಾಲಿಗೆ ಬಗ್ಗಿದಾಗ ಅವರು ಗಾಬರಿಯಾಗಿ ಹಿಂದೆ ಸರಿದು, ಆಮೇಲೆ ನಿಂತು, ತಲೆಯ ಮೇಲೆ ಕೈಯಿಟ್ಟರು.

ದುಡ್ಡು ಹೆಚ್ಚು ಕೊಡಲು ಹೋದರೆ ಒಪ್ಪಲಿಲ್ಲ. ದಿನದ ಊಟದ ದರ, ಹೋಳಿಗೆಯದು ಬೇರೆ, ಅಷ್ಟೇ. ಬದಲಿಗೆ ಇನ್ನೊಮ್ಮೆ ಯಾವಾಗ ಬರಬೇಕು ಎಂದು ಹೇಳಿಕೊಟ್ಟರು. ಸೀಗಿ ಹುಣ್ಣಿಮೆಗೆ ಬಂದರೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬುತ್ತಿ ಉಣ್ಣಬಹುದು. ಬಯಲ ಕಡೆ ನಂಟರಿದ್ದರೆ ಜೋಳ ಹಾಲುಗಾಳಾದಾಗ ಸೀತನಿ ಸುಡುತ್ತಾರೆ. ಬೇಸಿಗೆಗೆ ಬಂದರೆ ಹಾನಗಲ್ಲಿನ ಮಾವಿನಹಣ್ಣು, ಆವಾಗ ಹೋಳಿಗೆಗೆ ಸೀಕರಣೆ. ಅತ್ತಿಗೆ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡರು. ಅಕ್ಕಾವರು ನಮ್ಮ ಎಲೆಗಳನ್ನು ಎತ್ತುತ್ತ ಒಳಗಿನಿಂದಲೇ ಕೂಗಿ ಹೇಳಿದರು: “ಯಾವಾಗರ ಬರ್ರಿ. ಆದ್ರ ಒಂದಿನ ಮೊದ್ಲ ಹೇಳ್ರಿ, ಬ್ಯಾಳಿ ನೆನಿಬೇಕು.”